ಒಂದೇ ಚಪ್ಪರದ ಎರಡು ಹೆಸರು

ಶಹಾಬಾದ್
12 ಫೆಬ್ರವರಿ 2003

ಚಿಕ್ಕತಾಯಿಗೆ,

ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವ ಕಾಗದ ಇದಲ್ಲ. ನಿನ್ನೆ ಮಧ್ಯಾಹ್ನ ಕೋರ್ಟಿನ ಅಮೀನ ನಮ್ಮ ಕ್ವಾರ್ಟರ್ಸಿನ ಬಾಗಿಲಿಗೆ ಬಂದ. ನಲ್ಲಿಯ ಹತ್ತಿರ ಕೊಡ ಹಿಡಿದು ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು. ಅವರೆಲ್ಲರ ಎದುರು ನನ್ನ ಹೆಸರು ಕೂಗಿ ಸಮನ್ಸ್ ಕೊಟ್ಟು ರುಜು ಹಾಕಿಸಿಕೊಂಡು ಹೋದ. ಕನಕಪುರದ ಕೋರ್ಟಿನದು. ವಾದಿ ನೀನು. ಒಂದನೇ ಪ್ರತಿವಾದಿ ನಮ್ಮಣ್ಣ ಬಾಲರಾಜು. ಎರಡನೇ ಪ್ರತಿವಾದಿ ಕಾವೇರಮ್ಮ, ಅಂದರೆ ನಾನು, ಅವ್ವ ಇಲ್ಲದ ಮನೆಯಲ್ಲಿ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ.

ಪಕ್ಕದ ಮನೆಯ ಗುಲ್ಜಾರ್ ಬೀ "ಏನ್ರಿ ಅಕ್ಕಾರ, ಯಾರು ಕೇಸ್ ಹಾಕ್ಯಾರ್ರೀ?" ಎಂದು ಕೇಳಿದಳು. ತಂಗಿ ಎನ್ನಲಿಲ್ಲ. ಊರಿನವರು ಯಾರೋ ಎಂದೆ.

ಅಪ್ಪ ತೀರಿಕೊಂಡು ಎರಡು ವರ್ಷ ತುಂಬಿಲ್ಲ. ದೊಡ್ಡಹನುಮಯ್ಯನ ಮನೆಯವರು ಕೋರ್ಟಿನ ಮೆಟ್ಟಿಲು ಹತ್ತಿದರು ಎಂದು ಮರಳವಾಡಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿರಬೇಕು. ಅಣ್ಣ ಜಮೀನನ್ನು ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಗೆ ಕೊಡುತ್ತಾನೆ, ನೀನು ಬೇಡ ಎನ್ನುತ್ತೀಯ. ಅದು ನಿಮ್ಮಿಬ್ಬರ ಜಗಳ. ಆರುನೂರು ಕಿಲೋಮೀಟರ್ ದೂರದಲ್ಲಿ ಸಿಮೆಂಟ್ ಧೂಳು ಗುಡಿಸಿಕೊಂಡಿರುವ ನನ್ನ ಮೇಲೆ ಯಾವ ತಪ್ಪಿಗೆ ಕೇಸು ಹಾಕಿದೆ? ಅಷ್ಟು ಮಾತ್ರ ಬರೆ.

ಕಾವೇರಮ್ಮ


ಮರಳವಾಡಿ
24 ಫೆಬ್ರವರಿ 2003

ಅಕ್ಕನಿಗೆ ಚಿಕ್ಕತಾಯಿಯ ನಮಸ್ಕಾರಗಳು.

ನಿನ್ನ ಕಾಗದ ಓದಿ ನಗುವೂ ಬಂತು, ಅಳುವೂ ಬಂತು. ಅದು ನಿನ್ನ ಮೇಲಿನ ಕೇಸಲ್ಲ ಅಕ್ಕ. ಪಾಲಿನ ದಾವೆಯಲ್ಲಿ ಒಂದು ಚೂರು ಹಕ್ಕಿರುವವರ ಹೆಸರೂ ಬಿಡುವಂತಿಲ್ಲವಂತೆ. ದಾವೆ ಹಾಕಿದವರು ವಾದಿ, ಉಳಿದವರೆಲ್ಲ ಪ್ರತಿವಾದಿ. ನಮ್ಮ ವಕೀಲರು ಮುಕ್ತಿಯಾರ್ ಸಾಹೇಬರು, "ಲಗ್ನಪತ್ರಿಕೆ ಇದ್ದಂಗೆ ಕಣಮ್ಮ, ಯಾರ್ ಹೆಸ್ರು ಬುಟ್ರೂ ತೊಂದ್ರೆಯೇ" ಎಂದರು. ನಿನಗೆ ಮೊದಲೇ ಒಂದು ಕಾಗದ ಹಾಕಬೇಕಿತ್ತು, ಅದು ನನ್ನ ತಪ್ಪು.

ಕೋರ್ಟೆಂದರೆ ಸಿನಿಮಾದಲ್ಲಿ ತೋರಿಸುವಂತೆ ಮೇಜು ಗುದ್ದಿ ಕಿರುಚುವುದು ಎಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ಜವಾನ ಬಾಗಿಲಿಗೆ ಬಂದು ಮೂರು ಸಲ ಹೆಸರು ಕೂಗುತ್ತಾನೆ. ಓಡಿ ಹೋಗಿ ಕೈಮುಗಿದು ನಿಂತರೆ ಮುಂದಿನ ತಾರೀಖು ಹೇಳುತ್ತಾರೆ, ವಾಪಸ್ ಬರುವುದು. ಆದರೆ ಮೊನ್ನೆಯದು ತಡೆಯಾಜ್ಞೆಯ ವಿಚಾರಣೆ. ಅದರಲ್ಲಿ ಸಾಕ್ಷಿ ಗೀಕ್ಷಿ ಇಲ್ಲ, ಕಾಗದ ನೋಡಿ ಎರಡೂ ಕಡೆಯ ವಕೀಲರ ಮಾತು ಕೇಳಿ ತೀರ್ಮಾನ. ಹತ್ತೇ ನಿಮಿಷ! ತೋಟದ ಫೋಟೋ ನೋಡಿ ಜಡ್ಜು ಕೇಸು ಮುಗಿಯುವ ತನಕ ಯಾರೂ ಮಾರಬಾರದು, ಗಿಡ ಕೀಳಬಾರದು ಎಂದರು. ಅಣ್ಣನ ಮುಖ ನೀನು ನೋಡಬೇಕಿತ್ತು.

ಇನ್ನೊಂದು ವಿಷಯ. 1994ರ ಜುಲೈ ಮೂವತ್ತಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಪಾಲು ಇಲ್ಲವಂತೆ. ಆಮೇಲೆ ಆದವರಿಗೆ ಉಂಟು. ನಿನ್ನದು ಆ ವರ್ಷ ಮೇ ತಿಂಗಳು, ನನ್ನದು 95ರ ಫೆಬ್ರವರಿ. ಹಾಗಾಗಿ ನಿನಗೆ ಅಪ್ಪನ ಭಾಗದಲ್ಲಿ ಮಾತ್ರ ಒಂದು ಚೂರು ಬರುತ್ತದೆ, ನನಗೆ ಅಣ್ಣನ ಸರಿಸಮ. ನಮ್ಮನೆಯವರ ಅಜ್ಜಿ ಸತ್ತು ನನ್ನ ಮದುವೆ ನಿಂತದ್ದೇ ನನ್ನ ಪುಣ್ಯವಾಯಿತು ನೋಡು!

ಪಾಲು ಬಂದರೆ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ ಎರಡೂ ಉಳಿಯುತ್ತವೆ. ಇಲ್ಲದಿದ್ದರೆ ನಾನೂ ನಮ್ಮನೆಯವರೂ ರಾಮನಗರದಲ್ಲಿ ಯಾರದಾದರೂ ರೇಷ್ಮೆ ಬಿಚ್ಚುವ ಶೆಡ್ಡಿಗೆ ಕೂಲಿಗೆ ಹೋಗಬೇಕು. ದೇವರು ಹಾಗೆ ಮಾಡದಿರಲಿ.

ನಿನ್ನ ತಂಗಿ
ಚಿಕ್ಕತಾಯಿ


ಶಹಾಬಾದ್
9 ಮಾರ್ಚ್ 2003

ಚಿಕ್ಕತಾಯಿ,

ಎಪ್ಪತ್ತೊಂಬತ್ತು ದಿನ. ನಿನ್ನ ಕಾಗದ ಓದಿ ಬೆರಳು ಮಡಿಸಿ ಎಣಿಸಿದೆ. ಮೇ ಹನ್ನೆರಡಕ್ಕೆ ನನ್ನ ಕೊರಳಿಗೆ ತಾಳಿ ಬಿತ್ತು, ಜುಲೈ ಮೂವತ್ತಕ್ಕೆ ಕಾನೂನು ಬಂತು. ಎಪ್ಪತ್ತೊಂಬತ್ತು ದಿನ ತಡೆದಿದ್ದರೆ ನಾನೂ ಆ ಮನೆಯ ಮಗಳೇ. ನಿನಗೆ ಅದು ಪುಣ್ಯ. ಅದನ್ನು ನನಗೇ ಬರೆದು ತಿಳಿಸುವಷ್ಟು ಸಂತೋಷ ನಿನಗೆ.

ಆ ತೋಟಕ್ಕೆ ಕಡ್ಡಿ ನೆಟ್ಟವರು ಯಾರು? ಬಾವಿಯಿಂದ ಕೊಡ ಹೊತ್ತು ನೀರು ಹಾಕಿದವರು ಯಾರು? ಸೊಪ್ಪು ಕೊಯ್ಯಲು ಆಳಿಲ್ಲವೆಂದು ಏಳನೇ ಕ್ಲಾಸಿಗೆ ನನ್ನನ್ನು ಬಿಡಿಸಿದರು. ನೀನು ಎಸ್ಸೆಸ್ಸೆಲ್ಸಿ ಮುಗಿಸಿದೆ. ನನ್ನನ್ನು ರಜೆಯ ಮೇಲೆ ಬಂದ ಸಿಮೆಂಟ್ ಫ್ಯಾಕ್ಟರಿಯ ಗಂಡಿಗೆ ಕೊಟ್ಟು ಕಳಿಸಿದರು. ನಿನಗೆ ಸಿದ್ದಯ್ಯನನ್ನು ಮನೆಯಳಿಯ ಮಾಡಿಕೊಂಡರು. ಉಂಡವಳಿಗೇ ಇನ್ನೊಂದು ತುತ್ತು ಎಂದರೆ ಇದೇ.

ಮದುವೆಯ ದಿನ ನೆನಪಿದೆಯೇ? ಒಂದೇ ಖರ್ಚಿನಲ್ಲಿ ಮುಗಿಯಲಿ ಎಂದು ಪತ್ರಿಕೆಯಲ್ಲಿ ಎರಡು ಜೋಡಿ ಹೆಸರು ಹಾಕಿಸಿದ್ದರು, ಒಂದೇ ಚಪ್ಪರದಲ್ಲಿ ಎರಡು ಹಸೆ. ನಾಲ್ಕು ದಿನ ಇರುವಾಗ ಸಿದ್ದಯ್ಯನ ಅಜ್ಜಿ ಹೋಗಿ ಅವರಿಗೆ ಸೂತಕ. ನಿನ್ನ ಹಸೆ ಖಾಲಿ ಬಿತ್ತು. ಆ ಚಪ್ಪರದಲ್ಲಿ ಮದುಮಗಳೆಂದು ಕೂತವಳು ನಾನೊಬ್ಬಳೇ. ಬಂದವರು ನನ್ನನ್ನು ನೋಡಿದರೇ? ಒಳಗೆ ಅಳುತ್ತಿದ್ದ ನಿನ್ನನ್ನು ಸಮಾಧಾನ ಮಾಡಲು ಹೋದರು. ಅಪ್ಪ ಧಾರೆ ಎರೆದ ಕೈ ಒರೆಸಿಕೊಂಡು ನಿನ್ನ ಹತ್ತಿರವೇ ಓಡಿದ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯುತ್ತೇನೆ. ಅಪ್ಪ ಹೋದ ಸುದ್ದಿ ಬಂದಾಗ ನನಗೆ ಮೊದಲು ಬಂದ ಯೋಚನೆ, ಇನ್ನು ನಿನ್ನನ್ನು ಹೊಗಳುವವರು ಯಾರೂ ಇಲ್ಲ ಎಂದು. ಅಳು ಆಮೇಲೆ ಬಂತು. ಹೋದ ವರ್ಷ ರೋಗ ಬಿದ್ದು ನಿನ್ನ ಹುಳುವೆಲ್ಲ ಸತ್ತಿತೆಂದು ಬರೆದಿದ್ದೆಯಲ್ಲ, ಆ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದೆ. ಮಕ್ಕಳು ಯಾವ ಹಬ್ಬ ಎಂದು ಕೇಳಿದವು. ಹೊಟ್ಟೆಕಿಚ್ಚು ಎನ್ನುತ್ತೀಯ? ಹೌದು, ಹೊಟ್ಟೆಕಿಚ್ಚೇ.

ಕಾವೇರಮ್ಮ


ಮರಳವಾಡಿ
21 ಜುಲೈ 2003

ಅಕ್ಕನಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ತಿಂಗಳು ಕೂತೆ, ಆಗಲಿಲ್ಲ. ಬೇರೆ ವಿಷಯ ಬರೆಯುತ್ತೇನೆ.

ಅಣ್ಣ ಲಿಖಿತ ಹೇಳಿಕೆ ಕೊಟ್ಟಿದ್ದಾನೆ. ಇಬ್ಬರು ತಂಗಿಯರ ಮದುವೆಯನ್ನೂ 94ರ ಮೇ ಹನ್ನೆರಡರಂದೇ ಒಂದೇ ಚಪ್ಪರದಲ್ಲಿ ಮಾಡಿದೆ, ಇಬ್ಬರಿಗೂ ಸಮಪಾಲು ಇಲ್ಲ ಎಂದು. ಸಾಕ್ಷಿಗೆ ನಮ್ಮ ಲಗ್ನಪತ್ರಿಕೆ ಹಾಜರು ಮಾಡಿದ್ದಾನೆ. ಅರಿಶಿನ ಹಚ್ಚಿದ ಮೂಲೆ ಹಾಗೇ ಇದೆ, ನಿನ್ನ ಹೆಸರಿನ ಕೆಳಗೆ ನನ್ನ ಹೆಸರು. ನಿಂತುಹೋದ ಮದುವೆಗೆ ಯಾರಾದರೂ ಪತ್ರಿಕೆ ಹಂಚುತ್ತಾರೆಯೇ ಎಂದು ಅವನ ವಕೀಲ ನಕ್ಕ. ಹಂಚಿ ಆದ ಮೇಲೆ ನಿಂತದ್ದು ಎಂದು ಅವನಿಗೆ ಯಾರು ಹೇಳಬೇಕು?

ಈಗ ಜಡ್ಜು ವಿವಾದಾಂಶ ಬರೆದಿದ್ದಾರೆ. ಅಂದರೆ ಯಾವ ಯಾವ ಪ್ರಶ್ನೆ ತೀರ್ಮಾನವಾಗಬೇಕು ಎಂಬ ಪಟ್ಟಿ. ನಮ್ಮದರಲ್ಲಿ ಮೊದಲನೆಯದೇ ಎಲ್ಲ: ವಾದಿಯ ಮದುವೆ ಆ ತಾರೀಖಿಗೆ ಮುಂಚೆಯೋ, ಆಮೇಲೋ. ಮಧ್ಯೆ ಒಂದು ಶನಿವಾರ ಲೋಕ ಅದಾಲತ್‌ಗೂ ಕರೆದಿದ್ದರು. ಅಲ್ಲಿ ಕಟಕಟೆ ಇಲ್ಲ, ಎಲ್ಲರೂ ಒಂದೇ ಮೇಜಿನ ಸುತ್ತ ಕುರ್ಚಿ ಹಾಕಿಕೊಂಡು ಕೂರುವುದು, ಇಬ್ಬರೂ ಒಪ್ಪಿದರಷ್ಟೇ ರಾಜಿ. ಅಣ್ಣ "ರೋಡ್ ಪಕ್ದಲ್ಲಿ ಒಂದ್ ಸೈಟ್ ಕೊಡ್ತೀನಿ, ಸುಮ್ಕೆ ತಗೊಂಡ್ಬುಡು" ಎಂದ. ನಾನು "ಸೈಟಲ್ಲಿ ಸೊಪ್ ಬೆಳೆಯಾಕಾಯ್ತದಾ ಅಣ್ಣ?" ಎಂದೆ. ರಾಜಿ ಮುರಿಯಿತು.

ಊರಿನಲ್ಲಿ ಯಾರೂ ನನ್ನ ಪರ ಬಾಯಿ ಬಿಡುವುದಿಲ್ಲ. ಹಾರೋಹಳ್ಳಿಯ ಕಡೆ ದಿನಕ್ಕೊಂದು ಫ್ಯಾಕ್ಟರಿ ಏಳುತ್ತಿದೆ, ನಮ್ಮ ಊರಿಗೂ ಬರಲಿ, ನಮ್ಮ ಹುಡುಗರಿಗೆ ಕೆಲಸ ಸಿಗಲಿ ಎನ್ನುತ್ತಾರೆ. ಕಬ್ಬಾಳಮ್ಮನ ಗುಡಿಯಲ್ಲಿ ನನ್ನ ಮದುವೆ ಮಾಡಿಸಿದ ಪೂಜಾರಿ ತೀರಿಕೊಂಡರು. ನಮ್ಮನೆಯವರ ಕಡೆಯವರು ಹೇಳಿದರೆ ಕೋರ್ಟು ನಂಬುವುದು ಕಷ್ಟವಂತೆ, ಇನ್ನು ಹೇಳಬಲ್ಲವಳು ನೀನೊಬ್ಬಳೇ. ಬಂದು ನಿಜ ಹೇಳುತ್ತೀಯಾ ಅಕ್ಕ? ಬಸ್ ಚಾರ್ಜು ಕಳಿಸುತ್ತೇನೆ.

ಚಿಕ್ಕತಾಯಿ


ಮರಳವಾಡಿ
2 ಡಿಸೆಂಬರ್ 2003

ಅಕ್ಕನಿಗೆ,

ಜುಲೈನಲ್ಲಿ ಹಾಕಿದ ಕಾಗದ ತಲುಪಿತೋ ಇಲ್ಲವೋ. ನನ್ನ ಸಾಕ್ಷಿ ಮುಗಿಯಿತು. ಈಗ ನಮ್ಮ ಹೇಳಿಕೆಯನ್ನು ಅಫಿಡವಿಟ್ಟಿನಲ್ಲಿ ಬರೆದು ಕೊಟ್ಟರೆ ಸಾಕು, ಅದೇ ಮುಖ್ಯ ವಿಚಾರಣೆ. ಕಷ್ಟವೆಲ್ಲ ಪಾಟೀ ಸವಾಲಿನಲ್ಲಿ. ಎದುರು ವಕೀಲ ಪ್ರಶ್ನೆ ಹಾಕುವುದು, ನಾವು ನಿಂತು ಉತ್ತರ ಕೊಡುವುದು.

"ಫೆಬ್ರವರಿ ಮದ್ವೆಗೆ ಪತ್ರಿಕೆ ಐತಾ?" ಇಲ್ಲ. "ಫೋಟೋ?" ಇಲ್ಲ. "ವಾಲಗ? ಗುಡಿ ರಸೀತಿ?" ಇಲ್ಲ ಸ್ವಾಮಿ, ಇಲ್ಲ ಸ್ವಾಮಿ. "ಊಟಕ್ಕೆ ಎಷ್ಟ್ ಜನ?" ಎಂಟು. ಕೋರ್ಟಿನಲ್ಲಿ ಎಲ್ಲರೂ ನಕ್ಕರು. ನಿನ್ನ ಮದುವೆಯ ಫೋಟೋ ಆಲ್ಬಮ್, ಆ ಕೆಂಪು ಧಾರೆ ಸೀರೆ, ಚನ್ನಪಟ್ಟಣದಿಂದ ತರಿಸಿದ್ದ ಬ್ಯಾಂಡು, ಎಲ್ಲ ಕಣ್ಣ ಮುಂದೆ ಬಂತು. ನಿನ್ನ ಮೇಲೆ ಅಷ್ಟು ಹೊಟ್ಟೆ ಉರಿದದ್ದು ಅದೇ ಮೊದಲಲ್ಲ. ಒಂಬತ್ತು ವರ್ಷದಿಂದ ಉರಿಯುತ್ತಿದೆ, ನಾನು ಬರೆದಿರಲಿಲ್ಲ ಅಷ್ಟೆ.

ಮುಂದಿನದು ಅಣ್ಣನ ಕಡೆಯ ಸಾಕ್ಷಿ. ನನ್ನ ಪರ ನೀನು ಬರುವುದಾದರೆ ಈಗಲೇ ತಿಳಿಸಬೇಕು.

ಚಿಕ್ಕತಾಯಿ


ಶಹಾಬಾದ್
20 ಜನವರಿ 2004

ಚಿಕ್ಕತಾಯಿಗೆ,

ಎರಡೂ ಕಾಗದ ತಲುಪಿವೆ. ಇವರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕಡಿಮೆ ಮಾಡಿದ್ದಾರೆ, ದೊಡ್ಡವನಿಗೆ ಪರೀಕ್ಷೆ ಹತ್ತಿರ ಬಂತು. ಕೋರ್ಟು ಕಚೇರಿ ನನಗೆ ತಿಳಿಯದ ವಿಷಯ, ಏನೂ ಹೇಳಲಾರೆ. ಸಂಕ್ರಾಂತಿಗೆ ಅಣ್ಣ ಬಂದು ಎರಡು ದಿನ ಇದ್ದು ಹೋದ. ಚೆನ್ನಾಗಿದ್ದಾನೆ.

ಕಾವೇರಮ್ಮ


ಮರಳವಾಡಿ
18 ಮಾರ್ಚ್ 2004

ಕಾವೇರಮ್ಮನವರಿಗೆ,

ಎದುರು ಕಡೆಯ ಅಫಿಡವಿಟ್ಟಿನ ಒಂದು ಪ್ರತಿ ನಮ್ಮ ವಕೀಲರಿಗೂ ಕೊಡಬೇಕೆಂಬ ನಿಯಮ ಇದೆ. ಅದನ್ನು ನಿಮಗೆ ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ.

ನಾಲ್ಕನೇ ಪ್ಯಾರಾ ಹೀಗಿದೆ: "ಸದರಿ ದಿನ ನನ್ನ ಹಾಗೂ ನನ್ನ ತಂಗಿಯಾದ ವಾದಿಯ ವಿವಾಹವು ಒಂದೇ ಚಪ್ಪರದಲ್ಲಿ ಒಂದೇ ಮುಹೂರ್ತದಲ್ಲಿ ಜರುಗಿದ್ದು, ನಾವಿಬ್ಬರೂ ಒಟ್ಟಿಗೆ ಹಸೆಗೆ ಕುಳಿತಿದ್ದು ನಿಜ." ಕೆಳಗೆ ನಿಮ್ಮ ರುಜು. ಮೊದಲು ಯಾರೋ ನಿಮ್ಮ ಹೆಸರಿನಲ್ಲಿ ಹಾಕಿದ್ದಾರೆ ಎಂದುಕೊಂಡೆ. ಆದರೆ ಮ ಅಕ್ಷರದ ಬಾಲ ಎಳೆಯುವುದು ನೀವೊಬ್ಬರೇ, ನನಗೆ ಅಕ್ಷರ ತಿದ್ದಿಸಿದಾಗಲೂ ಹಾಗೆಯೇ ತಿದ್ದಿಸಿದ್ದಿರಿ.

ಅಣ್ಣ ಏನು ಕೊಡುತ್ತೇನೆಂದ? ಕೇಳಿದರೂ ನೀವು ಹೇಳುವುದಿಲ್ಲ. ಏಪ್ರಿಲ್ ಏಳಕ್ಕೆ ನಿಮ್ಮ ಪಾಟೀ ಸವಾಲು. ಕಾಗದದ ಮೇಲೆ ರುಜು ಹಾಕುವುದು ಬೇರೆ, ನನ್ನ ಮುಖ ನೋಡಿಕೊಂಡು ಹೇಳುವುದು ಬೇರೆ. ಬನ್ನಿ. ಮುಕ್ತಿಯಾರ್ ಸಾಹೇಬರು ಅಕ್ಕನ ಕೈಬರಹದ್ದು ಏನಿದ್ದರೂ ತೆಗೆದುಕೊಂಡು ಬಾ ಎಂದಿದ್ದಾರೆ.

ಚಿಕ್ಕತಾಯಮ್ಮ


ಶಹಾಬಾದ್
16 ಏಪ್ರಿಲ್ 2004

ಚಿಕ್ಕತಾಯಿ,

ಬಂದು ಸೇರಿ ಒಂದು ವಾರವಾಯಿತು.

ನೀನು ಅಲ್ಲೇ ಇದ್ದೆ, ಎಲ್ಲ ನೋಡಿದೆ. ಆದರೆ ಕಟಕಟೆಯಲ್ಲಿ ನಿಂತವಳಿಗೆ ಹೇಗೆ ಕಾಣುತ್ತದೆ ಎಂದು ನಿನಗೆ ಗೊತ್ತಿದ್ದರೂ, ಅವತ್ತು ನನಗೆ ಹೇಗೆ ಕಂಡಿತು ಎಂದು ಗೊತ್ತಿಲ್ಲ. ದಾರಿಯುದ್ದಕ್ಕೂ ಅಣ್ಣ ಪಾಠ ಹೇಳಿಕೊಟ್ಟಿದ್ದ. "ಏನ್ ಕೇಳುದ್ರೂ ಹೌದು ಜೋಡಿ ಮದ್ವೆ ಅನ್ಬುಡು, ಒಸಿ ತಡವರ್ಸುದ್ರೆ ಮರ್ತೋಗದೆ ಅನ್ಬುಡು." ನಾನು ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ಅಫಿಡವಿಟ್ಟು ತೋರಿಸಿ ರುಜು ನಿಮ್ಮದೇನಾ ಎಂದರು. ಹೌದು ಎಂದೆ. ಆಮೇಲೆ ನಿನ್ನ ವಕೀಲ ಎದ್ದರು. ಅವರ ಕೈಯಲ್ಲಿ ಒಂದು ನೀಲಿ ಕಾಗದ ಇತ್ತು, ಪ್ರಶ್ನೆ ಬರೆದುಕೊಂಡಿದ್ದಾರೆ ಎಂದುಕೊಂಡೆ. ನಾನು ಸೆರಗು ಬಿಗಿಮಾಡಿ ನಿಂತೆ.

ಅಷ್ಟರಲ್ಲಿ ನೀನು ಎದ್ದು ಅವರ ಕರೀ ಕೋಟು ಜಗ್ಗಿದೆ. ಆ ಕಾಗದ ಕಿತ್ತುಕೊಂಡೆ. ಕಿವಿಯಲ್ಲಿ ಏನೋ ಹೇಳಿದೆ. ಅವರು ಸಿಟ್ಟಿನಿಂದ ನಿನ್ನನ್ನು ನೋಡಿ, "ಪಾಟೀ ಸವಾಲು ಇಲ್ಲ ಸ್ವಾಮಿ" ಎಂದರು. ಜಡ್ಜು ಎರಡು ಸಲ ಕೇಳಿದರು. ಇಲ್ಲ, ಇಲ್ಲ. "ಇಳೀರಮ್ಮ" ಎಂದರು. ಮುಗಿಯಿತು. ಐದು ನಿಮಿಷವೂ ಆಗಲಿಲ್ಲ.

ನಾನೇನು ನಿನ್ನನ್ನು ಕ್ಷಮೆ ಕೇಳಿದ್ದೆನೇ? ಕೋರ್ಟಿನ ತುಂಬ ಜನರೆದುರು ಹೋಗಲಿ ಪಾಪ ಎಂದು ಬಿಟ್ಟುಕೊಡಲು ನಿನಗೆ ಯಾರು ಹೇಳಿದರು? ಚಿಕ್ಕವಳಿದ್ದಾಗಲೂ ಹೀಗೆಯೇ, ನಿನ್ನ ಪಾಲಿನ ಕೊಬ್ಬರಿ ಮಿಠಾಯಿ ನನ್ನ ಕೈಗೆ ತುರುಕಿ ಅಪ್ಪನ ಹತ್ತಿರ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದೆ. ಸುಳ್ಳು ಹೇಳಲು ಗಟ್ಟಿಮಾಡಿಕೊಂಡು ಬಂದಿದ್ದೆ. ಹೇಳಲಿಕ್ಕೂ ಬಿಡಲಿಲ್ಲ. ಅಣ್ಣ ಹೊರಗೆ ಬಂದು ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದ. ನೀನು ತಿರುಗಿ ನೋಡದೆ ಕನಕಪುರದ ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದೆ. ಒಳ್ಳೆಯವಳು ಎನ್ನಿಸಿಕೊಳ್ಳುವ ಚಟ ನಿನಗೆ ಇನ್ನೂ ಬಿಟ್ಟಿಲ್ಲ.

ಕಾವೇರಮ್ಮ


ಮರಳವಾಡಿ
2 ಮೇ 2004

ಅಕ್ಕ,

ಆ ನೀಲಿ ಕಾಗದ ಪ್ರಶ್ನೆಯ ಪಟ್ಟಿಯಲ್ಲ. ಹೋದ ವರ್ಷ ಮಾರ್ಚ್ ಒಂಬತ್ತಕ್ಕೆ ನೀನು ನನಗೆ ಬರೆದ ಕಾಗದ.

ನಿನ್ನ ಕಾಗದಗಳನ್ನೆಲ್ಲ ನಾನು ಚೀಲದ ಸಮೇತ ವಕೀಲರಿಗೆ ಕೊಟ್ಟುಬಿಟ್ಟಿದ್ದೆ. ಅವರು ಓದಿ ತೊಡೆ ತಟ್ಟಿದರು. "ಚಪ್ಪರದಲ್ಲಿ ನಾನೊಬ್ಳೇ ಕೂತಿದ್ದೆ ಅಂತ ಅವ್ರೇ ಬರ್ದವ್ರಲ್ಲಮ್ಮ! ಇದೊಂದ್ ತೋರ್ಸುದ್ರೆ ಕೇಸ್ ಮುಗೀತು" ಎಂದರು. ಪಾಟೀ ಸವಾಲಿನಲ್ಲಿ ಸಾಕ್ಷಿ ಹಿಂದೆ ಬರೆದದ್ದನ್ನು ಅವರ ಮುಂದೆ ಹಿಡಿದು, ಇದು ನಿಮ್ಮ ಅಕ್ಷರವೇ ಎಂದು ಕೇಳಬಹುದಂತೆ. ಒಪ್ಪಿದರೆ ಅದಕ್ಕೆ ನಂಬರು ಹಾಕಿ ಕಡತಕ್ಕೆ ಸೇರಿಸುತ್ತಾರೆ. ನಾನೂ ಸಂತೋಷಪಟ್ಟೆ. ಏಪ್ರಿಲ್ ಏಳಕ್ಕೆ ಅದನ್ನು ನಿನ್ನ ಮುಖಕ್ಕೆ ಹಿಡಿಸಬೇಕು ಎಂದೇ ಬಂದೆ.

ನೀನು ಕಟಕಟೆಗೆ ಹತ್ತಿದಾಗ ವಕೀಲರು ಮಡಿಕೆ ಬಿಚ್ಚಿದರು. ಆಗ ಹೊಳೆಯಿತು, ಒಂದು ಸಾಲು ಕಡತಕ್ಕೆ ಹೋದರೆ ಇಡೀ ಕಾಗದ ಹೋಗುತ್ತದೆ ಎಂದು. ಅಪ್ಪ ಸತ್ತಾಗ ನಿನಗೆ ಬಂದ ಯೋಚನೆ, ನನ್ನ ಹುಳು ಸತ್ತ ದಿನದ ಪಾಯಸ, ಎಲ್ಲ. ಅಣ್ಣ ಅದರ ನಕಲು ತೆಗೆಸುತ್ತಾನೆ. ಅರಳಿಕಟ್ಟೆಯಲ್ಲಿ ಕೂತು ಓದುತ್ತಾರೆ. ಮುಂದೆ ನಿನ್ನ ಮಕ್ಕಳ ಮದುವೆಯ ಮಾತುಕತೆಗೆ ಬಂದವರ ಕಿವಿಗೂ ಬೀಳುತ್ತದೆ. ಆ ಮಾತು ಓದಿ ನನಗೆ ಎಷ್ಟು ಉರಿದಿದ್ದರೂ ನೀನು ಅದನ್ನು ನನಗೆ ಬರೆದದ್ದು, ಕನಕಪುರ ತಾಲ್ಲೂಕಿಗೆ ಬರೆದದ್ದಲ್ಲ. ಅದಕ್ಕೆ ಕಿತ್ತುಕೊಂಡೆ. ಕಾಗದ ಇಲ್ಲದೆ ಪ್ರಶ್ನೆ ಕೇಳಿದರೆ ನೀನು ಸುಳ್ಳನ್ನೇ ಗಟ್ಟಿಮಾಡುತ್ತಿದ್ದೆ, ಅದನ್ನು ಕೇಳಲು ನನಗೆ ಮನಸ್ಸಿರಲಿಲ್ಲ.

ಒಳ್ಳೆಯತನ ಎಂದುಕೊಳ್ಳಬೇಡ. ವಾಪಸ್ ಬರುವಾಗ ಬಸ್ಸಿನಲ್ಲಿ ನಿನಗೆ ಶಾಪ ಹಾಕಿಕೊಂಡೇ ಬಂದೆ. ಪಾಟೀ ಸವಾಲು ಮಾಡದಿದ್ದರೆ ನಿನ್ನ ಮಾತನ್ನು ನಾವು ಒಪ್ಪಿದ ಹಾಗೆಯೇ ಲೆಕ್ಕವಂತೆ. ಈಗ ಕೋರ್ಟಿಗೆ ಬೇಸಿಗೆ ರಜೆ. ಜೂನಿನಲ್ಲಿ ವಾದ ಕೇಳುತ್ತಾರೆ, ಆಮೇಲೆ ತೀರ್ಪು. ಸೋಲುತ್ತೇವೆ ಎಂದು ಸಾಹೇಬರು ನೇರವಾಗಿಯೇ ಹೇಳಿದ್ದಾರೆ. ಸಾಕ್ಷಿಯನ್ನು ಮತ್ತೆ ಕರೆಸಿ ಎಂದು ಅರ್ಜಿ ಹಾಕಲು ಇನ್ನೂ ದಾರಿ ಇದೆಯಂತೆ, ನಾನು ಬೇಡ ಎಂದೆ. ನಮ್ಮನೆಯವರು ಮೊನ್ನೆ ರಾಮನಗರಕ್ಕೆ ಹೋಗಿ ರೇಷ್ಮೆ ಶೆಡ್ಡಿನ ಅಸ್ಗರ್ ಸಾಹೇಬರನ್ನು ಕೆಲಸ ಕೇಳಿ ಬಂದರು.

ನಿನ್ನ ಕಾಗದ ಇದರ ಜೊತೆಗೇ ಇಟ್ಟಿದ್ದೇನೆ. ನನ್ನ ಹತ್ತಿರ ಇದ್ದರೆ ಮನಸ್ಸು ಬದಲಾಗಬಹುದು. ಒಲೆಗೆ ಹಾಕಿಬಿಡು.

ಚಿಕ್ಕತಾಯಿ


ಶಹಾಬಾದ್
17 ಮೇ 2004

ಚಿಕ್ಕತಾಯಿಗೆ,

ಕಾಗದ ಒಲೆಗೆ ಹಾಕಲಿಲ್ಲ. ಇದರ ಜೊತೆ ರಿಜಿಸ್ಟರ್ ಮಾಡಿ ವಾಪಸ್ ಕಳಿಸಿದ್ದೇನೆ. ನಿನಗಲ್ಲ, ಮುಕ್ತಿಯಾರ್ ಸಾಹೇಬರಿಗೆ ಕೊಡು. ಅರ್ಜಿ ಹಾಕಿಸು, ನನ್ನನ್ನು ಮತ್ತೆ ಕರೆಸು.

ಅಣ್ಣ ಏನು ಕೊಡುತ್ತೇನೆಂದ ಎಂದು ಕೇಳಿದ್ದೆ. "ಫ್ಯಾಕ್ಟ್ರಿ ಎದ್ರೆ ಭಾವಂಗೆ ಅಲ್ಲೇ ಕೆಲ್ಸ ಕೊಡುಸ್ತೀನಿ, ನೀನೂ ಊರ್ಗೆ ಬಂದ್ಬುಡು ಕಾವೇರಿ" ಎಂದ. ಇವರೂ ಅದನ್ನೇ ನಂಬಿದರು. ಹತ್ತು ವರ್ಷದಿಂದ ಊರಿಗೆ ಹೋಗಬೇಕು ಎನ್ನುತ್ತಿದ್ದವಳು ನಾನು, ಯಾರು ತಾನೇ ನಂಬುವುದಿಲ್ಲ. ಆದರೆ ನೋಟರಿಯ ಮುಂದೆ ಪೆನ್ನು ಹಿಡಿದಾಗ ಊರು ನೆನಪಾಗಲಿಲ್ಲ. ನೀನು ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಯಾರದೋ ಗೂಡು ಬಿಚ್ಚುತ್ತಿರುವುದು ಕಣ್ಣಿಗೆ ಕಟ್ಟಿತು. ಆಗ ರುಜು ಹಾಕಿದೆ. ಈಗ ಸಿದ್ದಯ್ಯ ನಿಜವಾಗಿಯೂ ಕೆಲಸ ಕೇಳಿ ಬಂದ ಎಂದು ಓದಿದೆ. ನಾನು ಬಯಸಿದ್ದು ಅದೇ. ಪಾಯಸ ಮಾಡುವಷ್ಟು ಖುಷಿಯಾಗಬೇಕಿತ್ತು, ಆಗಲಿಲ್ಲ.

ಜಡ್ಜು ಏನು ಮಾಡುತ್ತಾರೋ ಮಾಡಲಿ. ಸುಳ್ಳು ಪ್ರಮಾಣಕ್ಕೆ ಶಿಕ್ಷೆ ಉಂಟೆಂದು ಇಲ್ಲಿ ಒಬ್ಬ ವಕೀಲರನ್ನು ಕೇಳಿ ತಿಳಿದುಕೊಂಡೇ ಬರೆಯುತ್ತಿದ್ದೇನೆ. ಇವರಿಗೆ ಹೇಳಿದ್ದೇನೆ, ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ಅಣ್ಣ ಇನ್ನು ಮೇಲೆ ಬಾಗಿಲು ತೆಗೆಯುವುದಿಲ್ಲ. ನಿನ್ನ ಬಾಗಿಲಿಗೆ ನಾನು ಬರುವುದಿಲ್ಲ, ಕರೆಯಬೇಡ. ಆ ತೋಟದಲ್ಲಿ ನೀನು ಓಡಾಡುವುದನ್ನು ನೋಡಲು ನನಗೆ ಆಗುವುದಿಲ್ಲ. ಬೆಳಗಿನ ಬಸ್ಸಿಗೆ ಬಂದಿಳಿದು, ಸಾಕ್ಷಿ ಹೇಳಿ, ಸಾಯಂಕಾಲದ ಬಸ್ಸಿಗೆ ಹೊರಡುತ್ತೇನೆ.

ಸಾಹೇಬರಿಗೆ ಹೇಳು, ಒಂದು ಸಾಲು ಮಾತ್ರ ಓದಿಸಿ ನನ್ನ ಮಾನ ಉಳಿಸುವ ಉಪಾಯ ಹುಡುಕುವುದು ಬೇಡ. ಇಡೀ ಕಾಗದ ಓದಿಸಲಿ. ಇದು ನಿಮ್ಮ ಅಕ್ಷರವೇ ಎಂದು ಕೇಳಲಿ, ಹೌದು ಎನ್ನುತ್ತೇನೆ. ಬರೆದದ್ದೆಲ್ಲ ನಿಜವೇ ಎಂದು ಕೇಳಲಿ, ಅದಕ್ಕೂ ಹೌದು ಎನ್ನುತ್ತೇನೆ. ನೀನು ಆ ಹೊತ್ತಿನಲ್ಲಿ ಎದ್ದು ಅವರ ಕೋಟು ಜಗ್ಗಿದರೆ ನಿನ್ನ ಮುಖ ಇನ್ನೆಂದೂ ನೋಡುವುದಿಲ್ಲ.

ತಾರೀಖು ಗೊತ್ತಾದ ಕೂಡಲೇ ಒಂದು ಕಾರ್ಡು ಹಾಕು. ಗೆದ್ದ ಸುದ್ದಿ ಮಾತ್ರ ಬರೆಯಬೇಡ. ಓದಿ ನನಗೆ ಸಂತೋಷವಾಯಿತು ಎಂದು ಉತ್ತರ ಬರೆಯಬೇಕಾಗುತ್ತದೆ. ಇನ್ನೊಂದು ಸುಳ್ಳಿಗೆ ನಾನು ರುಜು ಹಾಕಲಾರೆ.

ನಿನ್ನ ಅಕ್ಕ
ಕಾವೇರಮ್ಮ